ಕೆಂಪು ಬಾಳೆಯ ನಾಡಿನಲ್ಲಿ ಚುಕ್ಕೆಯ ಕೋಳಿ

ಗೋಡೆ ಕಟ್ಟುವ ವಿದ್ಯೆಯಲ್ಲಿ ಕಲಬುರಗಿಗೆ ಹಳೆಯ ಹೆಸರುಂಟು. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲಾವುದ್ದೀನ್ ಹಸನ್ ಈ ಊರನ್ನೇ ತನ್ನ ರಾಜಧಾನಿಯಾಗಿ ಆರಿಸಿಕೊಂಡು, ಮೊದಲಿನಿಂದ ಇದ್ದ ಕೋಟೆಯನ್ನು ಬಲಪಡಿಸಿದನು. ಎರಡು ಸುತ್ತಿನ ಗೋಡೆ, ಅದರ ಹೊರಗೆ ಆಳವಾದ ಕಂದಕ, ಮೂಲೆಮೂಲೆಗೂ ಬುರುಜು: ಶತ್ರುವಿಗೆ ಒಳನುಗ್ಗಲು ಎಡೆ ಸಿಗಬಾರದೆಂದು ಮನುಷ್ಯನು ಯೋಚಿಸಬಹುದಾದಷ್ಟನ್ನೂ ಯೋಚಿಸಿ ಕಟ್ಟಿದ ಕೋಟೆ ಅದು. ಅದರೊಳಗೆ 1367ರಲ್ಲಿ ಎದ್ದು ನಿಂತ ಜಾಮಿ ಮಸೀದಿಯದು ಇನ್ನೊಂದು ವಿಶೇಷ. ಇಂಥ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ತೆರೆದ ಅಂಗಳ ಇದಕ್ಕಿಲ್ಲ; ಇಡಿಯ ಕಟ್ಟಡವೇ ಗುಮ್ಮಟಗಳ ಚಾವಣಿಯ ಕೆಳಗೆ ಅಡಗಿದೆ. ಒಂದೇ ಕೋಟೆಯಲ್ಲಿ ಗೋಡೆಯ ಮಹಿಮೆಯನ್ನೂ ಚಾವಣಿಯ ಮಹಿಮೆಯನ್ನೂ ಕಾಣಬಹುದಾದ ಊರುಗಳು ವಿರಳ. ಗೋಡೆ ಮತ್ತು ಚಾವಣಿಗಳ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡೇ ಓದುಗರು ಮುಂದಿನ ಪ್ರಯಾಣಕ್ಕೆ ಹೊರಡಬೇಕು. ಒಂದು ಸಣ್ಣ ಹಕ್ಕಿಯ ಪ್ರಾಣ ಅದನ್ನು ಅವಲಂಬಿಸಿದೆ.

ನಗರವನ್ನು ಬಿಟ್ಟು ಹುಮನಾಬಾದಿನ ಹೆದ್ದಾರಿಯನ್ನು ಹಿಡಿದರೆ ಮೊದಲು ಕಣ್ಣಿಗೆ ಬೀಳುವುದು ಎರೆಭೂಮಿ. ಕಲಬುರಗಿಯ ತೊಗರಿ 2019ರಲ್ಲಿ ಭೌಗೋಳಿಕ ಗುರುತನ್ನು ಪಡೆಯಿತು; ಆ ಕೀರ್ತಿಯ ತವರು ಈ ಕಪ್ಪು ಬಯಲು. ಮಹಾಗಾಂವ ಕ್ರಾಸನ್ನು ದಾಟಿ ಮುಂದೆ ಸಾಗಿದಂತೆ ಬಯಲು ಏರುತಗ್ಗಾಗುತ್ತದೆ, ನೆಲದ ಬಣ್ಣ ಬದಲಾಗುತ್ತದೆ. ಕಪ್ಪು ತೆಳುವಾಗಿ ಕೆಂಪು ತಲೆಯೆತ್ತುತ್ತದೆ. ಬೀದರದ ಕಡೆಯಿಂದ ಹಬ್ಬಿದ ಜಂಬಿಟ್ಟಿಗೆಯ ಸೀಮೆ ಇಲ್ಲಿಂದಲೇ ಸುಳಿವು ಕೊಡುತ್ತದೆ. ಸುಮಾರು 35 ಕಿ.ಮೀ. ಕಳೆಯುವ ಹೊತ್ತಿಗೆ ಕಮಲಾಪುರ. ಹಂಪೆಯ ನೆರೆಯಲ್ಲಿರುವ ಕಮಲಾಪುರವೇ ಬೇರೆ, ಇದೇ ಬೇರೆ. ಅಲ್ಲಿ ಜನರು ಅಳಿದ ಅರಮನೆಗಳನ್ನು ಅರಸಿ ಬರುತ್ತಾರೆ. ಇಲ್ಲಿ ಬಾಳೆಯ ಹಣ್ಣನ್ನು ಅರಸಿ ಬರುತ್ತಾರೆ. ಹಿಂದೆ ಕಲಬುರಗಿ ತಾಲ್ಲೂಕಿಗೆ ಸೇರಿದ್ದ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಬಸ್ಸನ್ನು ಒಲ್ಲದವರಿಗೆ ರೈಲೂ ಉಂಟು. 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡ ಬೀದರ–ಕಲಬುರಗಿ ಮಾರ್ಗ ಈ ಊರನ್ನು ಮುಟ್ಟಿಕೊಂಡೇ ಹೋಗುತ್ತದೆ.

ಕಾಯುವವರ ಬೆಳೆ

ಕಮಲಾಪುರದ ಕೆಂಪು ಬಾಳೆ ಹೆಸರಿಗೆ ತಕ್ಕಂತೆ ಕೆಂಪು. ಸಿಪ್ಪೆಯಲ್ಲಿ ಮಾತ್ರವಲ್ಲದೆ ಕಾಂಡದಲ್ಲಿ, ಎಲೆಯ ನಡುದಂಟಿನಲ್ಲಿಯೂ ಆ ಬಣ್ಣ ಇಣುಕುತ್ತದೆ. ಗಿಡ ಬಹು ಎತ್ತರ. ಬೇರೆ ತಳಿಗಳು ವರ್ಷದೊಳಗೆ ಗೊನೆ ಕೊಟ್ಟು ಕೈತೊಳೆದುಕೊಂಡರೆ ಇದು ಒಂದೂವರೆ ವರ್ಷದಷ್ಟು ಕಾಯಿಸುತ್ತದೆ. ಇಳುವರಿ ಕಡಿಮೆ, ಬೆಲೆ ಹೆಚ್ಚು. ಅದಕ್ಕಾಗಿಯೇ ಇದನ್ನು ಸಿರಿವಂತರ ಹಣ್ಣೆಂದು ಕರೆಯುವುದುಂಟು. ಕಮಲಾಪುರ, ರಾಜನಾಳ, ನಾವನಿಹಾಳಗಳ ತಗ್ಗಿನ ತೋಟಗಳಲ್ಲಿ ಬೆಳೆಯುವ ಈ ಹಣ್ಣಿಗೂ ಭೌಗೋಳಿಕ ಗುರುತು ದೊರೆತಿದೆ.

ಹದಿನೆಂಟು ತಿಂಗಳು ಕಾಯಬೇಕಾದ ಬೆಳೆಗೆ ಬೇಲಿ ಬೇಕೇ ಬೇಕು. ಆದಕಾರಣ ಈ ಸೀಮೆಯಲ್ಲಿ ತಿರುಗಾಡುವವನು ಬಾಳೆಯನ್ನು ನೋಡುವಷ್ಟೇ ಬೇಲಿಯನ್ನೂ ನೋಡಬೇಕಾಗುತ್ತದೆ. ಜಾಲಿ ಮತ್ತು ಬೋರೆಯ ಮುಳ್ಳನ್ನು ಕಡಿದು ಒಟ್ಟಿದ ಹಳೆಯ ಬೇಲಿ, ಬದುವಿನ ಮೇಲೆ ತಾನಾಗಿ ಹಬ್ಬಿದ ಕಳ್ಳಿ ಕತ್ತಾಳೆ, ಕಲ್ಲುಕಂಬಗಳಿಗೆ ಬಿಗಿದ ಮುಳ್ಳುತಂತಿ, ಈಚೆಗೆ ಬಂದ ಹೊಳೆಯುವ ಜಾಲರಿ: ಇಂಥ ತರಾವರಿ ಬೇಲಿಗಳು ಉತ್ತರ ಕರ್ನಾಟಕದ ತೋಟಗಳಲ್ಲಿ ಒಂದರ ಪಕ್ಕದಲ್ಲಿ ಒಂದು ಸಿಗುತ್ತವೆ. ಬೇಲಿಯ ಒಳಗೆ ಕಾವಲಿಗೊಂದು ನಾಯಿ. ಬೇಲಿಯ ಹೊರಗೆ ಯಾರಿಗೂ ಸೇರದ ನಾಲ್ಕು ನಾಯಿಗಳು. ಇವುಗಳ ನಡುವೆ ಮನೆಯ ಕೋಳಿ ಹೇಗೋ ಕಾಲ ಹಾಕುತ್ತದೆ. ಆದರೆ ಪಟ್ಟಣದ ಸಂಸಾರವೊಂದು ಊರಹೊರಗೆ ಒಂದೆರಡು ಎಕರೆ ಮಾಡಿಕೊಂಡು, ಶೋಭೆಗೂ ಉಪಯೋಗಕ್ಕೂ ಇರಲೆಂದು ಗಿನಿ ಕೋಳಿಯ ಒಂದು ಹಿಂಡನ್ನು ತಂದು ಬಿಟ್ಟಿತೆನ್ನಿ. ಆಗ ಬೇಲಿ ಮತ್ತು ನಾಯಿಗಳ ಲೆಕ್ಕ ಪೂರ್ತಿ ಬೇರೆಯಾಗುತ್ತದೆ.

ಆಫ್ರಿಕದ ಅತಿಥಿ

ಗಿನಿ ಕೋಳಿಯ ಮೂಲ ಆಫ್ರಿಕ. ಬೂದುಗಪ್ಪು ಮೈಯ ಮೇಲೆ ಎಳ್ಳುಬಿಳಿಯ ಚುಕ್ಕೆಗಳು, ಬೋಳುತಲೆಯ ಮೇಲೆ ಶಿರಸ್ತ್ರಾಣದಂಥ ಕೋಡು, ಗುಂಡಾಗಿ ಬಾಗಿದ ಬೆನ್ನು. ಮೆಲಿಯಾಗರ್ ಎಂಬ ವೀರನು ಮಡಿದಾಗ ಅವನ ಅಕ್ಕತಂಗಿಯರು ಅತ್ತು ಅತ್ತು ಈ ಹಕ್ಕಿಗಳಾದರೆಂದೂ, ಅವರ ಕಣ್ಣೀರೇ ಚುಕ್ಕೆಗಳಾಯಿತೆಂದೂ ಗ್ರೀಕರ ಪುರಾಣ ಹೇಳುತ್ತದೆ. ಅದರ ಶಾಸ್ತ್ರೀಯ ನಾಮದಲ್ಲಿ ಆ ಕಥೆ ಇಂದಿಗೂ ಉಳಿದಿದೆ. ಅದರ ಗಂಟಲಿನ ಕರ್ಕಶವನ್ನು ಕೇಳಿದವರಿಗೆ ಆ ಅಳು ಇನ್ನೂ ನಿಂತಿಲ್ಲವೆನಿಸಿದರೆ ಆಶ್ಚರ್ಯವಿಲ್ಲ.

ನಮ್ಮ ದೇಶದಲ್ಲಿ ಈ ಹಕ್ಕಿಯ ತಳಿಗಳನ್ನು ತಿದ್ದಿದ ಕೀರ್ತಿ 1979ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿ ಸ್ಥಾಪಿತವಾದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಗೆ ಸಲ್ಲುತ್ತದೆ. ಅಲ್ಲಿನ ಮೂರು ತಳಿಗಳ ಹೆಸರು ಕಾದಂಬರಿ, ಚಿತಂಬರಿ, ಶ್ವೇತಾಂಬರಿ. ವಾರವಾರವೂ ಧಾರಾವಾಹಿಗಾಗಿ ಕಾಯುವ ಕನ್ನಡ ವಾಚಕರಿಗೆ ‘ಕಾದಂಬರಿ ಸಾಕಿದ್ದೇವೆ’ ಎಂಬ ಮಾತು ವಿಚಿತ್ರವಾಗಿ ಕೇಳಿಸಬಹುದು. ಆದರೆ ಅದು ಚುಕ್ಕೆಯ ತಳಿಯ ನಿಜವಾದ ಹೆಸರು. ಚಿತಂಬರಿ ತಿಳಿನೇರಳೆ ಛಾಯೆಯದು, ಶ್ವೇತಾಂಬರಿ ಬಿಳಿಯದು.

ಬಿಸಿಲಿನ ನಾಡಿಗೆ ಒಪ್ಪುವ ಹಕ್ಕಿ ಇದು. ಕಲಬುರಗಿಯ ಬೇಸಗೆ 40 ಡಿಗ್ರಿಯನ್ನು ದಾಟಿದಾಗಲೂ ನೆರಳು ನೀರು ಇದ್ದರೆ ತಾಳಿಕೊಳ್ಳುತ್ತದೆ. ಊರಕೋಳಿಯಷ್ಟು ನೆಲ ಕೆದರುವುದಿಲ್ಲ. ಹುಳುಹುಪ್ಪಟೆ, ಮಿಡತೆ, ಉಣ್ಣೆಗಳನ್ನು ಹೆಕ್ಕಿ ತಿನ್ನುತ್ತದೆ. ತೊಗರಿಯ ಗಿಡಗಳನ್ನು ಅಲುಗಾಡಿಸಿ ಕಾಯಿಕೊರಕ ಹುಳುಗಳನ್ನು ಬೀಳಿಸುವ ಹಳೆಯ ರೂಢಿ ಈ ಜಿಲ್ಲೆಯಲ್ಲಿದೆ. ಹಾಗೆ ಬಿದ್ದ ಹುಳು ಇಂಥ ಹಕ್ಕಿಗೆ ಹಬ್ಬದೂಟ. ಹಾವು ಕಂಡರೆ ಇಡಿಯ ಹಿಂಡು ಸುತ್ತುವರಿದು ಊರಿಗೇ ಕೇಳುವಂತೆ ಕೂಗುತ್ತದೆ. ಸಣ್ಣ ಗಟ್ಟಿಚಿಪ್ಪಿನ ಮೊಟ್ಟೆ, ಸುಮಾರು 40 ಗ್ರಾಂ ತೂಕ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ನೂರರ ಆಸುಪಾಸು. ನಮ್ಮ ಹೊಲಗಳ ಗೌಜಲಕ್ಕಿಯನ್ನು ಹಿಡಿದು ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಿಡುವುದಿಲ್ಲ. ಸಾಕುಪಕ್ಷಿಯಾದ ಗಿನಿ ಕೋಳಿಗೆ ಆ ಅಡ್ಡಿಯಿಲ್ಲ.

ಗುಣಗಳ ಪಟ್ಟಿ ಇಷ್ಟಾದರೆ ದೋಷ ಒಂದೇ. ಅದು ಅರ್ಧ ಮಾತ್ರ ಸಾಕಿದ ಹಕ್ಕಿ. ಊರಕೋಳಿಗೆ ಮನೆಯ ಹೊಸ್ತಿಲು ಗೊತ್ತು. ಗಿನಿ ಕೋಳಿಗೆ ತನ್ನ ಹಿಂಡು ಮಾತ್ರ ಗೊತ್ತು.

ಬೇಲಿಯೇ ಬಲೆಯಾಗುವ ಬಗೆ

ಹೊಸಬರು ಮಾಡುವ ಮೊದಲ ಏರ್ಪಾಡು ಎತ್ತರದ ಬೇಲಿ. ಆರು ಅಡಿಯ ಜಾಲರಿ ಹಾಕಿಸಿದ ಮೇಲೆ ಹಕ್ಕಿ ಒಳಗೇ ಇರುತ್ತದೆಂದು ನಿಶ್ಚಿಂತರಾಗುತ್ತಾರೆ. ಗಿನಿ ಕೋಳಿಗೆ ಆರು ಅಡಿ ಒಂದು ಲೆಕ್ಕವೇ ಅಲ್ಲ. ರೆಕ್ಕೆ ಬಡಿದು ಬೇಲಿಯ ಮೇಲೆ ಕೂರುತ್ತದೆ, ಆಚೆಗೆ ಏನೋ ಕಂಡು ಇಳಿಯುತ್ತದೆ. ಇಳಿದ ಮೇಲೆ ತೊಡಕು. ಹಿಂಡು ಬೇಲಿಯ ಒಳಗೆ, ತಾನು ಹೊರಗೆ. ಜಾಲರಿಯ ಮೂಲಕ ಗೆಳೆಯರು ಕಾಣಿಸುತ್ತಾರೆ. ಹಾರಿ ಬಂದ ಹಾದಿಯಲ್ಲಿಯೇ ಹಾರಿ ಹೋಗಬೇಕೆಂಬುದು ಅದಕ್ಕೆ ಹೊಳೆಯದು. ಜಾಲರಿಗೆ ಕತ್ತು ತೂರಿಸುತ್ತ, ಅರಚುತ್ತ, ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಗಂಟೆಗಟ್ಟಲೆ ಶತಪಥ ಹಾಕುತ್ತದೆ. ಆ ಕೂಗು ದಾರಿಯ ನಾಯಿಗಳಿಗೆ ಊಟದ ಗಂಟೆ. ಬೇಲಿಯ ಮೂಲೆಗೆ ಸಿಕ್ಕಿದ ಹಕ್ಕಿ ಓಡಲೂ ಆರದು, ಹಾರಲೂ ಆರದು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಬೇಲಿ ಮೇಯುವುದಿಲ್ಲ, ಮೇಯುವವನಿಗೆ ಹಿಡಿದುಕೊಡುತ್ತದೆ. ಆದುದರಿಂದ ಬಲ್ಲವರು ಬೇಲಿಯ ಕೆಲಸವನ್ನು ಬೇರೆ ಬಗೆಯಾಗಿ ಹೇಳುತ್ತಾರೆ. ಬೇಲಿ ಇರುವುದು ಹಕ್ಕಿಯನ್ನು ಒಳಗಿಡುವುದಕ್ಕಲ್ಲ, ನಾಯಿಯನ್ನು ಹೊರಗಿಡುವುದಕ್ಕೆ. ನಾಯಿ ಹಾರುವುದಕ್ಕಿಂತ ನುಸುಳುವುದು, ತೋಡುವುದು ಹೆಚ್ಚು. ಜಾಲರಿಯ ಕೆಳಗಿನ ಅಂಚನ್ನು ಒಂದಡಿ ನೆಲದೊಳಗೆ ಹೂಳಬೇಕು. ಇಲ್ಲವೆ ಹೊರಮಗ್ಗುಲಿಗೆ ಒಂದೂವರೆ ಅಡಿ ಹಾಸಿ ಕಲ್ಲು ಹೇರಬೇಕು. ಕಲ್ಲಿಗೆ ಬರವಿಲ್ಲದ ಕಮಲಾಪುರದ ಸೀಮೆಯಲ್ಲಿ ಇದು ಖರ್ಚಿನ ಕೆಲಸವಲ್ಲ. ಮರಿಗಳು ತೂರಿ ಹೋಗದಂತೆ ಕೆಳಗಿನ ಎರಡು ಅಡಿಗೆ ಸಣ್ಣ ಕಣ್ಣಿನ ಜಾಲರಿ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಾಗಿಸುವುದು ಒಳ್ಳೆಯದು. ಹೊರಗಡೆಯಿಂದ ಬೇಲಿಗೆ ಅಲ್ಲಲ್ಲಿ ಮರದ ಕೊಂಬೆಯನ್ನು ಓರೆಯಾಗಿ ಒರಗಿಸಿದರೆ ಹೊರಬಿದ್ದ ಹಕ್ಕಿಗೆ ಹತ್ತಿ ಮರಳಲು ಮೆಟ್ಟಿಲಾಗುತ್ತದೆ. ಆದರೂ ಹೊರಗುಳಿದರೆ ಬೆನ್ನಟ್ಟಬಾರದು. ಗೇಟನ್ನು ಪೂರ್ತಿ ತೆರೆದು, ಎರಡು ಕೈಗಳಲ್ಲಿ ಉದ್ದನೆಯ ಕೋಲು ಹಿಡಿದು, ಬೇಲಿಯ ಗುಂಟ ನಿಧಾನವಾಗಿ ನಡೆಸಿಕೊಂಡು ಬರಬೇಕು.

ಹಳೆಯ ಮುಳ್ಳುಬೇಲಿಗೆ ಇಲ್ಲಿ ಒಂದು ಮೆಚ್ಚುಗೆಯ ಮಾತು ಸಲ್ಲಬೇಕು. ಅದರ ಬುಡದಲ್ಲಿ ಹಕ್ಕಿ ನುಸುಳಿ ಒಳಕ್ಕೂ ಹೊರಕ್ಕೂ ಹೋಗಿಬರುತ್ತದೆ. ಹದ್ದು ಎರಗಿದಾಗ ಅದರಲ್ಲೇ ಅಡಗುತ್ತದೆ. ದಟ್ಟವಾಗಿದ್ದರೆ ನಾಯಿ ಮೂಗು ಹಾಕಲು ಹಿಂಜರಿಯುತ್ತದೆ. ಹೊಸ ಜಾಲರಿ ಹಾಕಿಸುವ ಉತ್ಸಾಹದಲ್ಲಿ ಇದ್ದ ಕಳ್ಳಿಯ ಸಾಲನ್ನು ಕಿತ್ತೆಸೆಯುವುದು ಬುದ್ಧಿವಂತಿಕೆಯಲ್ಲ. ಕಾಡುಹಂದಿಗೆಂದು ಸೌರಬೇಲಿ ಹಾಕುವವರು ಅದಕ್ಕೆಂದೇ ತಯಾರಾದ ಮಿಡಿತದ ಯಂತ್ರವನ್ನು ಬಳಸಬೇಕೇ ಹೊರತು ಮನೆಯ ವಿದ್ಯುತ್ತನ್ನು ತಂತಿಗೆ ಕೊಡಲೇಬಾರದು; ಅದು ಅಪರಾಧ, ಮನುಷ್ಯಹತ್ಯೆಗೂ ದಾರಿ.

ರೆಕ್ಕೆ ಕತ್ತರಿಸುವ ಉಪಾಯವನ್ನು ಕೆಲವರು ಸೂಚಿಸುವುದುಂಟು. ಒಂದು ಪಕ್ಕದ ಉದ್ದನೆಯ ಗರಿಗಳನ್ನು ಕತ್ತರಿಸಿದರೆ ಹಕ್ಕಿ ಹಾರಲಾರದು. ಗರಿ ಉದುರಿ ಹೊಸದು ಬರುವವರೆಗೆ ಒಳಗೇ ಇರುತ್ತದೆ. ಆದರೆ ನಾಯಿ ಒಳನುಗ್ಗಿದ ದಿನ ಆ ಹಕ್ಕಿಗೆ ಮರವೂ ಇಲ್ಲ, ಆಕಾಶವೂ ಇಲ್ಲ. ಮೇಲೂ ಸುತ್ತಲೂ ಮುಚ್ಚಿದ ಅಂಗಳಕ್ಕೆ ಮಾತ್ರ ಒಪ್ಪುವ ಉಪಾಯ ಅದು. ತೋಟದಲ್ಲಿ ಬಿಡುವ ಹಿಂಡಿಗೆ ರೆಕ್ಕೆಯೇ ಕೊನೆಯ ರಕ್ಷೆ.

ನಾಯಿಗಳಲ್ಲಿ ಮೂರು ಬಗೆ

ಮೊದಲನೆಯದು ಮನೆಯ ನಾಯಿ. ಗಿನಿ ಕೋಳಿಯನ್ನು ಅತಿ ಹೆಚ್ಚು ಅಪಾಯಕ್ಕೆ ಒಡ್ಡುವುದು ಅದರ ಓಟ. ಹೆದರಿದೊಡನೆ ಹಾರುವ ಬದಲು ಅದು ಮೊದಲು ಓಡುತ್ತದೆ. ಓಡುವುದನ್ನು ಕಂಡೊಡನೆ ಬೆನ್ನಟ್ಟುವುದು ನಾಯಿಯ ಹುಟ್ಟುಗುಣ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಕನ್ನಡ ನಾಡಿನ ಹೆಮ್ಮೆ; 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿಯೂ ಹೊರಬಂದಿತು. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಚಲಿಸಿದ್ದನ್ನು ಕಂಡರೆ ಅದರ ಕಾಲು ಒಡೆಯನ ಮಾತಿಗೆ ಕಾಯುವುದಿಲ್ಲ. ಅಂಥ ನಾಯಿಯನ್ನೂ ಬಯಲಿಗೆ ಬಿಟ್ಟ ಹಿಂಡನ್ನೂ ಒಂದೇ ತೋಟದಲ್ಲಿ ಇಡುವುದಾದರೆ ಹೊತ್ತನ್ನು ಹಂಚಬೇಕು: ಹಗಲು ಹಕ್ಕಿಗೆ, ಇರುಳು ನಾಯಿಗೆ.

ಉಳಿದ ನಾಯಿಗಳನ್ನು ಮರಿಯಲ್ಲಿಯೇ ತಿದ್ದಬಹುದು. ದಖ್ಖನ್ನಿನ ಕುರುಬರು ಇದನ್ನು ತಲೆಮಾರುಗಳಿಂದ ಬಲ್ಲರು. ಕುರಿಮರಿಗಳ ನಡುವೆಯೇ ಬೆಳೆದ ನಾಯಿ ಹಿಂಡನ್ನು ತನ್ನ ಮನೆಯೆಂದೇ ತಿಳಿಯುತ್ತದೆ. ಹಕ್ಕಿಗಳ ವಿಷಯದಲ್ಲಿಯೂ ನೀತಿ ಅದೇ. ಮೊದಲು ಜಾಲರಿಯ ಆಚೆಈಚೆ ಇಟ್ಟು ವಾಸನೆ, ಸದ್ದುಗಳ ಪರಿಚಯ. ಬಳಿಕ ಹೊಟ್ಟೆ ತುಂಬಿದ ಹೊತ್ತಿನಲ್ಲಿ ಸರಪಣಿ ಹಿಡಿದು ಹಿಂಡಿನ ನಡುವೆ ನಡಿಗೆ. ದಿಟ್ಟಿಸಿದರೆ ‘ಬೇಡ’ ಎಂಬ ಒಂದೇ ಮಾತು, ಮುಖ ತಿರುಗಿಸಿದರೆ ಒಂದು ತುಣುಕು ರೊಟ್ಟಿ. ಇದು ವಾರಗಳ ಕೆಲಸ. ಒಡೆಯನ ಎದುರು ಸಾಧುವಾದ ನಾಯಿ ಒಡೆಯನ ಬೆನ್ನ ಹಿಂದೆಯೂ ಸಾಧುವೆಂದು ನಂಬಲು ತಿಂಗಳುಗಳೇ ಬೇಕು. ಒಮ್ಮೆ ಕೊಂದು ರುಚಿ ಕಂಡ ನಾಯಿಯನ್ನು ನಂಬದೆ ಕಟ್ಟಿಹಾಕುವುದೇ ಲೇಸು. ಸತ್ತ ಹಕ್ಕಿಯನ್ನು ಅದರ ಕೊರಳಿಗೆ ಕಟ್ಟುವ ಶಿಕ್ಷೆ ಕ್ರೂರವೂ ಹೌದು, ನಿಷ್ಫಲವೂ ಹೌದು.

ಎರಡನೆಯದು ನೆರೆಯವರ ನಾಯಿ. ಇದಕ್ಕೆ ಬೇಲಿಗಿಂತ ಮಾತು ಮೇಲು. ಹಿಂಡನ್ನು ಬಿಡುವ ಮೊದಲೇ ಹೋಗಿ ತಿಳಿಸಿದರೆ ಜಗಳದ ಮೂಲ ಅಲ್ಲಿಯೇ ಅಳಿಯುತ್ತದೆ.

ಮೂರನೆಯದು ಬೀದಿಯ ಗುಂಪು. ಹೆದ್ದಾರಿಯ ಬದಿಯಲ್ಲಿ ಎಂಜಲು, ಮಾಂಸದ ತ್ಯಾಜ್ಯ ಬೀಳುವ ಕಡೆ ಅವು ಸೇರುತ್ತವೆ. ಒಂಟಿಯಾಗಿ ಅಂಜುವ ನಾಯಿ ಗುಂಪಿನಲ್ಲಿ ಬೇರೆಯೇ ಪ್ರಾಣಿ. ಹಸಿವಿಗಾಗಿ ಒಂದನ್ನು ಹಿಡಿಯದೆ ಆಟಕ್ಕಾಗಿ ಹತ್ತನ್ನು ಕೊಲ್ಲುತ್ತದೆ. ಸಿಟ್ಟಿನಲ್ಲಿ ವಿಷವಿಡುವವರಿದ್ದಾರೆ. ಅದು ಕಾನೂನಿಗೂ ಕರುಣೆಗೂ ವಿರೋಧ. ಆ ವಿಷ ಮನೆಯ ನಾಯಿಯನ್ನೂ ಗರುಡನನ್ನೂ ಬಿಡುವುದಿಲ್ಲ. 2023ರ ನಿಯಮಗಳು ಸಂತಾನಹರಣ ಶಸ್ತ್ರಚಿಕಿತ್ಸೆಯ ಮತ್ತು ರೇಬೀಸ್ ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಕಸದ ರಾಶಿಯನ್ನು ತೆಗೆಸುವುದು, ಈ ಕೆಲಸ ನಡೆಯುವಂತೆ ಊರವರು ಒತ್ತಾಯಿಸುವುದು ನಿಧಾನದ ದಾರಿಯಾದರೂ ನಿಲ್ಲುವ ದಾರಿ. ಮನೆಯ ನಾಯಿಗೆ ಲಸಿಕೆ ಹಾಕಿಸುವುದು ಅದಕ್ಕಿಂತ ಮೊದಲ ಕೆಲಸ.

ಸಂಜೆಯ ಲೆಕ್ಕ

ಬೇಲಿ, ನಾಯಿಗಳೆರಡೂ ನೆಟ್ಟಗಾದರೂ ಒಂದು ಹೊತ್ತು ಉಳಿಯುತ್ತದೆ. ಅದು ಸಂಜೆ. ಬೆಳಕು ಇಳಿಯುತ್ತಲೇ ಗಿನಿ ಕೋಳಿ ಬೇವು ಹುಣಿಸೆಗಳ ಎತ್ತರದ ಕೊಂಬೆಯನ್ನು ಹುಡುಕುತ್ತದೆ. ಅಲ್ಲಿ ನಾಯಿ ಎಟುಕದಿದ್ದರೂ ದೊಡ್ಡ ಗೂಬೆ, ಕಾಡುಬೆಕ್ಕುಗಳಿಗೆ ಅಡ್ಡಿಯಿಲ್ಲ. ಮುಂಜಾವಿನ ಮಬ್ಬಿನಲ್ಲಿ ನೆಲಕ್ಕಿಳಿಯುವ ಹಕ್ಕಿಗೆ ಕೆಳಗೆ ಕಾದ ನಾಯಿಯೇ ಸಾಕು. ಇಲ್ಲಿಯೇ ಕಲಬುರಗಿಯ ಕೋಟೆಯ ಮಾತು ನೆನಪಾಗಬೇಕು: ಹಗಲಿಗೆ ಗೋಡೆ, ಇರುಳಿಗೆ ಚಾವಣಿ.

ಗೂಡು ಅಗಲ ಬಾಗಿಲಿನದಾಗಿ, ಒಳಗೆ ಎತ್ತರದ ಅಡ್ಡಕೋಲುಗಳಿರಬೇಕು. ಕತ್ತಲೆಯ ಬಾಯಿಗೆ ಈ ಹಕ್ಕಿ ಕಾಲಿಡದು. ಒಳಗೊಂದು ದೀಪ ಉರಿಯುತ್ತಿದ್ದರೆ ಧೈರ್ಯ ಬರುತ್ತದೆ. ಹೊಸದಾಗಿ ತಂದ ಹಕ್ಕಿಗಳನ್ನು ಐದಾರು ವಾರ ಹೊರಗೆ ಬಿಡದೆ ಅಲ್ಲಿಯೇ ಇಟ್ಟರೆ ಅದು ಮನೆಯಾಗುತ್ತದೆ. ಆಮೇಲೆ ಮೊದಲ ದಿನ ಎರಡನ್ನು ಮಾತ್ರ ಬಿಡುವುದು ಜಾಣತನ. ಒಳಗಿದ್ದವರ ಕೂಗು ಹೊರಗಿನವರನ್ನು ದೂರ ಹೋಗಗೊಡದು. ದಿನವೂ ಸಂಜೆ ಒಂದೇ ಹೊತ್ತಿಗೆ ಒಂದೇ ಡಬ್ಬಿಯನ್ನು ಬಡಿದು, ಗೂಡಿನೊಳಗೆ ಮಾತ್ರ ಹಿಡಿ ಜೋಳವನ್ನೋ ನವಣೆಯನ್ನೋ ಚೆಲ್ಲಬೇಕು. ಮೊಟ್ಟೆಗಳನ್ನು ಊರಕೋಳಿಯ ಕಾವಿಗೆ ಇಡುವ ಪದ್ಧತಿ ಇನ್ನೂ ಒಳ್ಳೆಯದು. ಮರಿಯಾಗಲು 26ರಿಂದ 28 ದಿನ. ಮೊದಲೆರಡು ವಾರ ಒದ್ದೆ ತಾಗದಂತೆ ಕಾಪಾಡಿದರೆ, ಸಂಜೆಗೆ ಮನೆ ಸೇರುವ ಪಾಠವನ್ನು ಸಾಕುತಾಯಿಯೇ ಕಲಿಸುತ್ತಾಳೆ.

ಎಣಿಕೆಯಲ್ಲಿ ಒಂದು ಕಡಿಮೆಯಾದರೆ ಅದು ಬಹುಪಾಲು ಹೆಣ್ಣು. ಅವಳ ಕೂಗು ಎರಡು ಅಕ್ಷರದ್ದು. ಗಂಡಿಗೆ ಒಂದೇ ಅಕ್ಷರ. ಹುಲ್ಲಿನ ಮರೆಯಲ್ಲೋ ಬದುವಿನ ಪೊದೆಯಲ್ಲೋ ಗುಟ್ಟಾಗಿ ಮೊಟ್ಟೆಯಿಟ್ಟು, ಕಾವು ಹಿಡಿದು, ಇರುಳೆಲ್ಲ ನೆಲದ ಮೇಲೆ ಅಲುಗದೆ ಕುಳಿತಿರುತ್ತಾಳೆ. ನಾಯಿ, ನರಿ ಬಂದಾಗಲೂ ಏಳುವುದಿಲ್ಲ. ಹಿಂಡಿನ ಹೆಣ್ಣುಗಳು ಹೆಚ್ಚಾಗಿ ಕಳೆದುಹೋಗುವುದು ಹೀಗೆ. ಮಧ್ಯಾಹ್ನದ ಹೊತ್ತು ಯಾವ ಕಡೆ ಸರಿಯುತ್ತಾಳೆಂದು ಗಮನಿಸಿ, ಗೂಡನ್ನು ಪತ್ತೆಹಚ್ಚಿ, ಎರಡು ಮೂರನ್ನು ಉಳಿಸಿ ಮಿಕ್ಕ ಮೊಟ್ಟೆಗಳನ್ನು ದಿನದಿನವೂ ತೆಗೆಯುತ್ತಿದ್ದರೆ ಕಾವಿಗೆ ಕೂರುವುದು ತಪ್ಪುತ್ತದೆ.

ಇವೆಲ್ಲಕ್ಕೂ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಸಂಜೆಯಲ್ಲಿ ಅಲ್ಲಿರುವ ಒಬ್ಬ ಮನುಷ್ಯ. ಭಾನುವಾರಕ್ಕೊಮ್ಮೆ ಕಾರಿನಲ್ಲಿ ಬಂದು, ಮಕ್ಕಳಿಗೆ ಹಿಂಡನ್ನು ತೋರಿಸಿ, ಕೆಂಪು ಬಾಳೆಯ ಚಿಪ್ಪನ್ನು ಕಟ್ಟಿಸಿಕೊಂಡು ಕತ್ತಲಾಗುವ ಮುನ್ನ ನಗರಕ್ಕೆ ಮರಳುವ ಸಂಸಾರಕ್ಕೆ ಈ ಹಕ್ಕಿ ಹೇಳಿಸಿದ್ದಲ್ಲ. ಎಷ್ಟೇ ಬೆಲೆಯ ಬೇಲಿಯೂ ಆ ಕೊರತೆಯನ್ನು ತುಂಬದು. ತೋಟದಲ್ಲಿಯೇ ವಾಸವಿರುವ ಮನೆಗೆ, ಒಂದು ಡಬ್ಬಿ, ಒಂದು ದೀಪ, ಒಂದು ಗಟ್ಟಿ ಚಿಲಕವಿದ್ದರೆ ಬಹುಮಟ್ಟಿಗೆ ಸಾಕು. ಕೆಂಪು ಬಾಳೆಯನ್ನು ಒಂದೂವರೆ ವರ್ಷ ಕಾಯಬಲ್ಲ ಕಮಲಾಪುರದ ರೈತನಿಗೆ ದಿನವೂ ಸಂಜೆ ಹತ್ತು ನಿಮಿಷ ಕಾಯುವುದು ಹೊಸ ವಿದ್ಯೆಯಲ್ಲ. ಚುಕ್ಕೆಯ ಹಕ್ಕಿಗಳು ಸಾಲಾಗಿ ಒಳಗೆ ನಡೆದು, ಕೊನೆಯದರ ಬಾಲ ಹೊಸ್ತಿಲು ದಾಟಿ, ಎಣಿಕೆ ಸರಿಯಾಗಿ, ಚಿಲಕ ಬಿದ್ದ ಮೇಲೆಯೇ ಆ ತೋಟದ ದಿನ ಮುಗಿಯುವುದು.